ಹನ್ನೆರಡು ಗಡ್ಡೆ ಐಸು

ತ್ರಾಸಿಯ ಸುಧಾಕರ ತಾನು ಕಣ್ಣಿಂದ ಕಾಣದ ವಸ್ತುಗಳ ಗುಣದೋಷ ಬರೆದು ಬದುಕುವವನು. ಪುಣೆಯ ಕಂಪನಿಯೊಂದು ಬೆಟ್ಟ ಹತ್ತುವವರ ಸಾಮಾನು ಮಾರುತ್ತಿತ್ತು. ಆ ಸಾಮಾನು ಹೇಗಿದೆ ಎಂದು ಇವನು ಮನೆಯ ಚಾವಡಿಯಲ್ಲಿ ಕೂತು ಬರೆದು ಕಳಿಸುತ್ತಿದ್ದ. ಹಿಮದಲ್ಲಿ ಮಲಗುವ ಚೀಲದ ಬಗ್ಗೆ "ಒಳಗೆ ಹೊಕ್ಕರೆ ಹೊರಗೆ ಬರಲು ಮನಸ್ಸಾಗದು" ಎಂದು ಬರೆದ ದಿನ ಅವನು ಸೆಖೆಗೆ ಮೂರು ಬನಿಯನ್ ಬದಲಿಸಿದ್ದ.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಆದರೆ ಕಂಪನಿಗೆ ಕೊಟ್ಟ ತನ್ನ ಪರಿಚಯದಲ್ಲಿ ಅವನು ಒಂದು ಸಾಲು ಸೇರಿಸಿದ್ದ: "ಒಂಬತ್ತು ವರ್ಷಗಳಿಂದ ಪರ್ವತದ ನಿತ್ಯ ಒಡನಾಟ." ಇದು ಪೂರ್ತಿ ಸುಳ್ಳಲ್ಲ. ಮನೆ ಕಟ್ಟಿ ಒಂಬತ್ತು ವರ್ಷವಾಗಿತ್ತು. ಮಳೆ ಬಿಟ್ಟ ಮರುದಿನ ತಾರಸಿಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ದೂರದಲ್ಲಿ ಕೊಡಚಾದ್ರಿ ಒಂದು ನೀಲಿ ಗೀರಿನಂತೆ ಕಾಣುತ್ತಿತ್ತು. ಇವನು ಅದನ್ನು ನೋಡುತ್ತಿದ್ದ. ಒಡನಾಟ ಅಂದರೆ ಇನ್ನೇನು.

ಕಂಪನಿ ಆ ಸಾಲನ್ನು ನಂಬಿತು. ಏಪ್ರಿಲ್ ತಿಂಗಳ ಒಂದು ಗುರುವಾರ ಆಳುದ್ದದ ಒಂದು ಪೆಟ್ಟಿಗೆ ಮನೆಗೆ ಬಂತು.

"ಇದ್ ಎಂತ, ಬಾಗಿಲ್ ದಾರಂದವಾ?" ಎಂದು ಕೇಳಿದಳು ಹೆಂಡತಿ ವಿನಯಾ.

ಒಳಗಿದ್ದದ್ದು ಸ್ಕೀ. ಹಿಮದ ಇಳಿಜಾರಿನಲ್ಲಿ ಕಾಲಿಗೆ ಕಟ್ಟಿಕೊಂಡು ಜಾರುವ, ಮೂತಿ ಮೇಲಕ್ಕೆ ಬಾಗಿದ, ನುಣುಪಾದ ಎರಡು ಉದ್ದ ಹಲಗೆ. ಜೊತೆಗೆ ಮೊಣಕಾಲಿನ ತನಕ ಬರುವ, ಕಬ್ಬಿಣದ ಕೊಂಡಿಗಳಿದ್ದ ಒಂದು ಜೊತೆ ಬೂಟು, ಊರಿಕೊಳ್ಳಲು ಎರಡು ಕೋಲು, ಒಂದು ಪತ್ರ. ಈ ಸ್ಕೀ ಎಲ್ಲ ಬಗೆಯ ಬೆಟ್ಟಕ್ಕೂ ಎಲ್ಲ ಬಗೆಯ ಹಿಮಕ್ಕೂ ಒಗ್ಗುತ್ತದೆಂದು ತಯಾರಿಸಿದವರು ಹೇಳಿಕೊಂಡಿದ್ದಾರೆ. ಪುಡಿ ಹಿಮ, ತುಳಿದು ಬಿಗಿಯಾದ ಹಿಮ, ಗಟ್ಟಿ ಮಂಜುಗಡ್ಡೆ, ಒಡೆದು ಗುಪ್ಪೆಯಾದ ಹಿಮ, ಅರ್ಧ ನೀರಾದ ಹಿಮ, ಈ ಐದರ ಮೇಲೂ ತಾವು ಸ್ವತಃ ಜಾರಿ, ಫೋಟೋ ಸಮೇತ ಶನಿವಾರದೊಳಗೆ ವರದಿ ಕಳಿಸಬೇಕು. ಕೊನೆಗೆ ಒಂದು ಸಾಲು: ವಸ್ತುವನ್ನು ಮುಟ್ಟದೆ ಬರೆಯುವವರನ್ನು ಈ ತಿಂಗಳಿಂದ ಕೈಬಿಡಲಾಗುತ್ತಿದೆ.

ಸುಧಾಕರ ಪತ್ರವನ್ನು ಎರಡು ಸಲ ಓದಿ ನೀರು ಕುಡಿದ. ಅಷ್ಟರಲ್ಲಿ ಒಳಕೋಣೆಯಿಂದ ದಿನದ ಪ್ರಶ್ನೆ ಬಂತು.

"ಮಗಾ, ಅಪ್ಪಿ ಬಂತಾ?"

"ಇಲ್ಲೆ ಅಮ್ಮ. ಬ್ರಹ್ಮಾವರದಂಗೆ ಎಂತದೋ ಕೆಲ್ಸ ಇತ್ತಂಬ್ರ್."

ಈ ಕೆಲಸ ಒಂಬತ್ತು ವರ್ಷಗಳಿಂದ ಮುಗಿದಿರಲಿಲ್ಲ. ಅಪ್ಪಿ ಸುಧಾಕರನ ಅಕ್ಕ. ಈ ಹೊಸ ಮನೆ ಹೊಕ್ಕ ಒಕ್ಕಲಿನ ದಿನ ಊಟಕ್ಕೆ ಅವಳನ್ನು ಮೂರನೇ ಪಂಕ್ತಿಯಲ್ಲಿ ಕೂರಿಸಿದ್ದರು. ಪಾಯಸ ಅವಳ ಎಲೆಗೆ ಬರುವಷ್ಟರಲ್ಲಿ ಅದರಲ್ಲಿ ಗೋಡಂಬಿಯೂ ಇರಲಿಲ್ಲ, ಸಿಹಿಯೂ ಇರಲಿಲ್ಲ, ಬಿಸಿನೀರು ಮಾತ್ರ ಇತ್ತು. ಅವಳು ಎಲೆ ಮಡಚಿ ಎದ್ದು, "ಈ ಮನಿ ಮೆಟ್ಲ್ ನಾ ಇನ್ ಹತ್ತುದ್ ಹೆಣ ಬಿದ್ರ್ ಮಾತ್ರ" ಎಂದು ಹೇಳಿ ಹೋದವಳು ತಿರುಗಿ ಬರಲಿಲ್ಲ. ಅವರ ತಾಯಿ ಬಾಗಿಗೆ ಈಗ ಎಂಬತ್ತನಾಲ್ಕು. ಎರಡು ವರ್ಷಗಳಿಂದ ಹಾಸಿಗೆ. ಮಗಳನ್ನು ಒಂದು ಸಲ ನೋಡಬೇಕು ಎಂಬ ಒಂದೇ ಆಸೆಯಿಂದ ಅವಳು ಪ್ರಾಣ ಹಿಡಿದುಕೊಂಡಿದ್ದಾಳೆಂದು ಡಾಕ್ಟರೇ ಹೇಳಿದ್ದರು. ಆ ಆಸೆಯ ದೆಸೆಯಿಂದ ಗುಳಿಗೆಗಳ ಖರ್ಚೂ ಕಡಿಮೆಯಾಗಿತ್ತು.

ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಸುಧಾಕರನಿಗೆ ದಾರಿ ಹೊಳೆಯಿತು. ಹಿಮವಿಲ್ಲದಿದ್ದರೇನು, ಗಂಗೊಳ್ಳಿ ಇದೆಯಲ್ಲ. ಬಂದರಿನ ಐಸ್ ಪ್ಲಾಂಟಿನಲ್ಲಿ ಗೂಡ್ಸ್ ರಿಕ್ಷಾ ಓಡಿಸುವ ಕುಷ್ಟನಿಗೆ ಫೋನು ಮಾಡಿದ.

"ಕುಷ್ಟಾ, ಹನ್ನೆರಡ್ ಗಡ್ಡಿ ಐಸ್ ಬೇಕಿತ್ತಲೆ. ಆರ್ ಹಾಂಗೇ ಇರ್ಲಿ, ಆರ್ ಪುಡಿ ಮಾಡಿ ತಾ."

"ಯಾವ್ ದೋಣಿಗೆ?"

"ದೋಣಿಗಲ್ಲ ಮಾರಾಯ. ಮನಿಗೆ."

ಆ ಕಡೆ ಕುಷ್ಟ ಪ್ಲಾಂಟಿನ ಮೋಟಾರಿನ ಸದ್ದಿನಿಂದ ಈಚೆ ಬಂದ.

"ಮನಿಗಾ," ಕುಷ್ಟನ ಸ್ವರ ಇಳಿದಿತ್ತು. "ಹನ್ನೆರಡ್ ಬೇಕಾ? ಎರಡ್ ದಿನ ಇಟ್ಕಂತ್ರಿಯಾ?"

"ಒಂದೇ ದಿನ ಸಾಕ್. ಆರೆ ಈ ಬಿಸ್ಲಿಗೆ ಕರ್ಗಿ ಹೋಪುಕಾಗ. ಬೇಗ ಬಾ."

"ಈಗ್ಲೇ ಬಂದೆ ಸುಧಾಕರಣ್ಣ. ನೀವ್ ಧೈರ್ಯ ತಕಣಿ."

ಸ್ಕೀಯ ಅಪಾಯ ಕುಷ್ಟನಿಗೂ ಗೊತ್ತಿದೆಯಲ್ಲ ಎಂದು ಸುಧಾಕರನಿಗೆ ಆಶ್ಚರ್ಯವಾಯಿತು.

ಈಗ ಒಂದು ವಿಷಯ ಹೇಳಿಬಿಡಬೇಕು. ಈ ಸೀಮೆಯಲ್ಲಿ ಐಸು ಹೋಗುವುದು ದೋಣಿಗೆ ಇಲ್ಲವೇ ಮೀನಿನ ಲಾರಿಗೆ. ಮನೆಗೆ ಹೋಗುವುದು ಎರಡೇ ಸಂದರ್ಭದಲ್ಲಿ. ಅಂಗಳದಲ್ಲಿ ಚಪ್ಪರ ಇದ್ದರೆ ಮದುವೆ. ಚಪ್ಪರ ಇಲ್ಲದಿದ್ದರೆ, ಒಳಗೊಬ್ಬರು ಬೊಂಬಾಯಿಯಿಂದ ಬರುವವರಿಗಾಗಿ ಕಾಯುತ್ತಾ ಮಲಗಿದ್ದಾರೆಂದೇ ಅರ್ಥ. ಸುಧಾಕರನ ಅಪ್ಪ ತೀರಿಕೊಂಡಾಗ ಚಿಕ್ಕಪ್ಪ ಬರುವ ತನಕ ನಾಲ್ಕು ಗಡ್ಡೆ ಬೇಕಾಗಿತ್ತು. ಅವುಗಳಿಗೆ ಮರದ ಹೊಟ್ಟು ಮೆತ್ತಿದವನು ಸುಧಾಕರನೇ. ಅದು ಅವನಿಗೆ ಮರೆತುಹೋಗಿತ್ತು. ಊರಿಗೆ ಮರೆತಿರಲಿಲ್ಲ.

ಕುಷ್ಟ ಬಂದ. ದಿನಾ ಬನಿಯನ್ನಿನಲ್ಲಿ ಓಡಾಡುವವನು ಇವತ್ತು ಅಂಗಿ ಹಾಕಿದ್ದ, ದಾರಿಯುದ್ದಕ್ಕೂ ಹಾರನ್ ಹೊಡೆದಿರಲಿಲ್ಲ, ಮೂರು ಕಡೆ ಗಾಡಿ ನಿಲ್ಲಿಸಿ ಸುದ್ದಿ ಹೇಳಿದ್ದ.

"ಎಲ್ಲಿಡ್ಲಿ? ಒಳ್ಗಾ?"

"ಒಳ್ಗೆಂತಕೆ? ಮನಿ ಹಿಂದ್ಗಡೆ ದರಿ ಮೇಲೆ ಟರ್ಪಾಲ್ ಹಾಸಿದೆ ಕಾಣ್. ಮೇಲಿಂದ ಕೆಳ್ಗೊರೆಗೂ ಹರಡ್."

ಕುಷ್ಟ ಒಮ್ಮೆ ಅವನ ಮುಖ ನೋಡಿದ. ದುಃಖದಲ್ಲಿರುವವರನ್ನು ಮಾತಿಗೆ ಎಳೆಯಬಾರದು. ಅವನು ಹರಡಿದ.

ಮನೆಯ ಹಿಂದಿನ ದರೆ ಮೂವತ್ತು ಹೆಜ್ಜೆಯ ಕೆಂಪು ಮಣ್ಣಿನ ಇಳಿಜಾರು. ಮೇಲೆ ಗೇರು ಗುಡ್ಡೆ, ಕೆಳಗೆ ಬಸಳೆ ಚಪ್ಪರ. ಬೂಟು ಎರಡು ಅಳತೆ ದೊಡ್ಡದಿತ್ತು. ಸುಧಾಕರ ಒಳಗೆ ಮೈ ಒರೆಸುವ ಹಳೇ ಬೈರಾಸು ತುರುಕಿ, ಕೊಂಡಿ ಬಿಗಿದು, ಸ್ಕೀ ಕಟ್ಟಿಕೊಂಡು ಮೇಲೆ ನಿಂತು ಪುಡಿ ಹಿಮದ ಮೊದಲ ಪರೀಕ್ಷೆಗೆ ಹೊರಟ. ಹೊರಟ ಎನ್ನುವುದಕ್ಕಿಂತ ನೆಲವೇ ಅವನನ್ನು ಕಳಿಸಿಕೊಟ್ಟಿತು. ಎದ್ದು ಕೂತ ಮೇಲೆ ನೋಟ್‌ಬುಕ್ಕಿನಲ್ಲಿ ಬರೆದ: "ಪುಡಿ ಹಿಮ. ವೇಗ ತೃಪ್ತಿಕರ. ನಿಲ್ಲಿಸುವ ವ್ಯವಸ್ಥೆ ಕಂಡುಬರಲಿಲ್ಲ."

ಬಸಳೆ ಚಪ್ಪರ ಪೂರ್ತಿ ಅವನ ಮೇಲಿತ್ತು. ಅದರ ಎಲೆಗಳ ನಡುವೆ ಪಕ್ಕದ ಮನೆಯ ಪ್ರಭಾವತಿಯಕ್ಕನ ಮುಖ ಕಂಡಿತು. ಅವಳ ಮುಡಿ ಬಿಚ್ಚಿತ್ತು, ಕಣ್ಣಲ್ಲಿ ನೀರಿತ್ತು.

"ಹೀಂಗ್ ಬಿದ್ ಹೊರಳುಕಾಗ ಸುಧಾಕರಣ್ಣ. ವಯಸ್ಸಾಯ್ತ್, ಹೋಯ್ತ್. ಎಂತ ಮಾಡುಕಾತ್ತ್?"

"ಇನ್ನೂ ನಾಲ್ಕ್ ಬಾಕಿ ಇತ್ತ್ ಅಕ್ಕಾ," ಎಂದ ಸುಧಾಕರ ಸೊಂಟ ಹಿಡಿದುಕೊಂಡು.

ಪ್ರಭಾವತಿಯಕ್ಕ ಆ ಮನೆಯಲ್ಲಿ ಉಳಿದವರನ್ನು ಮನಸ್ಸಿನಲ್ಲೇ ಎಣಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಅಲ್ಲಿಂದ ನೇರ ಅಡಿಗೆಮನೆಗೆ ಹೋಗಿ ನೋಡಿದರೆ ವಿನಯಾ ನೀರ್ದೋಸೆ ಎರೆಯುತ್ತಿದ್ದಾಳೆ.

"ಒಲಿ ಹೊತ್ಸಿದ್ಯಲ್ಲೆ. ಇವತ್ತ್ ಒಲಿ ಹೊತ್ಸುಕಿತ್ತಾ?"

"ಮತ್ತೆ ಇವ್ರಿಗ್ ಬೆಳಿಗ್ಗೆ ತಿಂಬುಕ್ ಬೇಡ್ದಾ?"

"ಒಂದ್ ದಿನ ತಿನ್ನದಿದ್ರ್ ಸಾಯ್ತ್ರಾ? ಅಯ್ಯೋ, ಆ ಶಬ್ದ ನನ್ ಬಾಯಂಗೇ ಬಂತಲ್ಲ," ಎಂದು ಪ್ರಭಾವತಿಯಕ್ಕ ಒಲೆಗೆ ನೀರು ಸುರಿದಳು. ವಿನಯಾ ಕಾವಲಿ ಹಿಡಿದುಕೊಂಡು ಹಾಗೆಯೇ ನಿಂತಳು.

ಅಷ್ಟರಲ್ಲಿ ಅಂಗಳದಲ್ಲಿ ಕೊಡಲಿ ಹಿಡಿದು ಗುಡ್ಡ ಎಂಬವನು ಕಾಣಿಸಿಕೊಂಡ. ಊರಲ್ಲಿ ಯಾರು ಸತ್ತರೂ ಮಾವಿನ ಮರ ಕಡಿಯುವುದು, ಚಟ್ಟ ಕಟ್ಟುವುದು ಅವನೇ. ಸತ್ತವರ ವಿಷಯದಲ್ಲಿ ಅವನ ಮಾತಿಗೆ ಡಾಕ್ಟರ ಮಾತಿಗಿಂತ ತೂಕ ಜಾಸ್ತಿ. ಗೋಡೆಗೆ ಒರಗಿಸಿಟ್ಟ ಸ್ಕೀಗಳನ್ನು ಅವನು ಎತ್ತಿ, ತಟ್ಟಿ, ಭುಜದ ಮೇಲಿಟ್ಟು ನೋಡಿದ.

"ಚಟ್ಟಕ್ಕೆ ಬಿದ್ರ್ ಕಡಿವ ಅಂದ್ ಎಣಿಸಿದ್ದೆ. ಇದ್ ಸಮಾ ಉದ್ದ ಇತ್ತಲೆ. ಎಲ್ಲಿಂದ ತರ್ಸಿದ್ದ್?"

"ಫಾರಿನ್‌ದ್," ಎಂದ ಸುಧಾಕರ, ಹೆಮ್ಮೆಯನ್ನು ಮುಚ್ಚಿಡಲಾರದೆ.

"ಹೆತ್ತ ಅಬ್ಬಿಗೆ ಅಂದ್ ಫಾರಿನ್ನಿಂದ ತರ್ಸಿದ್ರಿ." ಗುಡ್ಡ ಕೊಡಲಿ ಕೆಳಗಿಟ್ಟ. "ಮಕ್ಳ್ ಅಂದ್ರೆ ಹೀಂಗಿರ್ಕ್."

ಸುಧಾಕರನಿಗೆ ಆಗ ಏನೋ ಸರಿ ಇಲ್ಲ ಅನ್ನಿಸತೊಡಗಿತು. ಅದು ಏನೆಂದು ತಿಳಿದದ್ದು ಪಂಚಾಯ್ತಿ ಮೆಂಬರ್ ಪ್ರೇಮಾನಂದ ಟೆಂಪೋದಲ್ಲಿ ಐವತ್ತು ಪ್ಲಾಸ್ಟಿಕ್ ಕುರ್ಚಿ ತಂದು ಇಳಿಸಿದಾಗ. ಪ್ರೇಮಾನಂದ ಮೊಬೈಲು ಮುಂದೆ ಹಿಡಿದ. ಅದರಲ್ಲಿ ಬಾಗಿಯ ಫೋಟೋ, ಸುತ್ತ ಮಲ್ಲಿಗೆ ಹಾರ, ಕೆಳಗೆ ಎರಡು ದೀಪ.

"ಎಂಟ್ ಗ್ರೂಪಿಗೆ ಹಾಕಿದೆ. ವೃದ್ಧಾಪ್ಯ ವೇತನದ ಅರ್ಜಿಯಂಗೆ ಇದ್ದ್ ಫೋಟೋ. ಲಾಯ್ಕ್ ಬಂದಿತ್ತಲ್ದಾ?"

"ಹ್ವಾಯ್ ಪ್ರೇಮಾನಂದಣ್ಣ, ಅಮ್ಮ ಇದ್ದ್ರ್."

"ಇದ್ದ್ರ್," ಪ್ರೇಮಾನಂದ ಅವನ ಹೆಗಲ ಮೇಲೆ ಕೈ ಇಟ್ಟ. "ನಮ್ ಮನ್ಸಂಗ್ ಯಾವತ್ತೂ ಇರ್ತ್ರ್."

"ಹಾಂಗಲ್ಲ ಮಾರಾಯ್ರೆ, ಒಳ್ಗೆ..."

ಫೋನು ಬಂತು. ಪ್ರೇಮಾನಂದ ಕಿವಿಗೆ ಹಿಡಿದು, ತಲೆಯಾಡಿಸಿ, ಇಟ್ಟ. "ನಿಮ್ ಅಪ್ಪಿಯಕ್ಕ. ಬ್ರಹ್ಮಾವರದಂಗೆ ಬಸ್ ಹತ್ತಿದ್ರಂಬ್ರ್. ಕಣ್ಣೀರ್ ಹಾಕಿ ಮರ್ಕುದ್ ಇಲ್ಲಿಗ್ ಕೇಂತಿತ್ತ್."

ಸುಧಾಕರ ಬಾಯಿ ಮುಚ್ಚಿ ಒಳಗೆ ಹೋದ. ಬಾಗಿ ಕಿಟಕಿಯ ಕಡೆ ಮುಖ ಮಾಡಿ ಗಂಜಿತಿಳಿ ಕುಡಿಯುತ್ತಿದ್ದಳು.

"ಹೊರ್ಗ್ ಎಂತಕೆ ಜನ?"

"ನೀ ಸತ್ತೆ ಅಂದ್ ಎಣಿಸಿದ್ರ್ ಅಮ್ಮ. ಐಸ್ ತರ್ಸಿದ್ದಕ್ಕೆ. ಈಗ ಹೋಯ್ ಎಲ್ಲರಿಗೂ ಹೇಳ್ತೆ."

"ಅಪ್ಪಿಗೆ ಗೊತ್ತಾಯ್ತಾ?"

"ಹ್ಞೂಂ. ಬಸ್ಸಂಗ್ ಇತ್ತಂಬ್ರ್."

ಬಾಗಿ ಉಳಿದ ಗಂಜಿತಿಳಿಯನ್ನು ನಿಧಾನ ಕುಡಿದು ಲೋಟ ಕೆಳಗಿಟ್ಟಳು.

"ಹೇಳ್ಬೇಡ."

"ಎಂತ?"

"ಅದ್ ಬಪ್ಪೊರೆಗೆ ನಾ ಸತ್ತಿದ್ದೆ. ಬದ್ಕಿ ಒಂಬತ್ತ್ ವರ್ಷ ಕರ್ದೆ, ಬರ್ಲಿಲ್ಲೆ. ಈಗ ಬತ್ತಿತ್ತಲ್ದಾ. ಬಂದ್ ಮೆಟ್ಲ್ ಹತ್ತಿ ನನ್ ಕೈ ಹಿಡಿಲಿ, ಆಗ ಕಣ್ ಬಿಡ್ತೆ. ಮತ್ತೆ ಬೈದ್ರ್ ಬೈಲಿ, ಕಂಡದ್ದ್ ಕಂಡದ್ದೇ."

"ಅತ್ತೆ, ಹೀಂಗೆಲ್ಲ ಆಟ ಆಡುಕಾಗ," ಎಂದಳು ಬಾಗಿಲಲ್ಲಿ ನಿಂತ ವಿನಯಾ.

"ನೀ ಸೆರ್ಗ್ ಬಾಯಿಗ್ ಹಿಡ್ಕೋ. ಮರ್ಕ್ದಂಗ್ ಕಾಣ್ಕ್," ಎಂದು ಅತ್ತೆ ಕಣ್ಣು ಮುಚ್ಚಿದಳು.

ಹೀಗೆ ಬಾಗಿ ಚಾವಡಿಯ ಚಾಪೆಯ ಮೇಲೆ, ತಲೆಯ ಹತ್ತಿರ ದೀಪ ಇಟ್ಟುಕೊಂಡು, ಜನರ ಎದುರು ಅಧಿಕೃತವಾಗಿ ಸತ್ತಳು. ಗುಡ್ಡ ದರೆಯಿಂದ ಐಸು ಬಾಚಿ ತಂದು ಗೋಣಿಚೀಲಗಳಲ್ಲಿ ತುಂಬಿ ಎರಡೂ ಮಗ್ಗುಲಿಗೆ ಜೋಡಿಸಿದ. ಸುಧಾಕರ ಎರಡು ಸಲ ತಡೆದ. ಒಮ್ಮೆ ಮಗನಾಗಿ, ಇನ್ನೊಮ್ಮೆ ಪರೀಕ್ಷಕನಾಗಿ. ಪುಡಿಯಲ್ಲಿ ಅರ್ಧ ಇಲ್ಲೇ ಖರ್ಚಾದರೆ ಒಡೆದ ಹಿಮಕ್ಕೆ ಉಳಿಯುವುದೇನು. ಗುಡ್ಡ ಕೇಳಲಿಲ್ಲ. ಅವನು ಆ ಕಡೆ ಹೋದಾಗ ಸುಧಾಕರ ಬಗ್ಗಿ ಪಿಸುಗುಟ್ಟಿದ.

"ಅಮ್ಮಾ, ಚೀಲ ತೆಗಿಲಾ? ಥಂಡಿ ಆತ್ತ್."

"ಇರ್ಲಿ. ಈ ಸೆಖಿಗೆ ಸುಖ ಆತ್ತ್. ನಿನ್ ಕೆಲ್ಸ ಮಾಡ್ಕೋ ಹೋಗ್."

ಕೆಲಸ ಇತ್ತು. ಬಿಸಿಲೇರುತ್ತಿತ್ತು, ಹಿಮ ಕರಗುತ್ತಿತ್ತು, ಸಂಜೆಯೊಳಗೆ ವರದಿ ಹೋಗಬೇಕಿತ್ತು. ಸುಧಾಕರ ಮತ್ತೆ ಬೂಟು ಹಾಕಿಕೊಂಡು ದರೆ ಹತ್ತಿದ. ಐವತ್ತು ಕುರ್ಚಿಗಳಲ್ಲಿ ಕೂತವರು ಮನೆಯ ಮೂಲೆಯಿಂದ ಕತ್ತು ಚಾಚಿ ನೋಡಿದರು. ತಾಯಿಯ ಹೆಣ ಒಳಗಿರುವಾಗ ಮಗ ಕಾಲಿಗೆ ಹಲಗೆ ಕಟ್ಟಿಕೊಂಡು ಐಸಿನ ಮೇಲೆ ಬಿದ್ದು ಎದ್ದು ಬಿದ್ದು, ಪ್ರತಿಸಲ ಮೊಬೈಲಿನಲ್ಲಿ ಫೋಟೋ ತೆಗೆದು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಒಬ್ಬಿಬ್ಬರು ತಡೆಯಲು ಎದ್ದರು.

"ಬಿಡಿ," ಎಂದ ಪ್ರೇಮಾನಂದ. "ದುಃಖ ಹೊರ್ಗ್ ಬರ್ಲಿ. ನಮ್ ಭಾವ ಅಪ್ಪ ಸತ್ತಾಗ ಬಾವಿ ನೀರ್ ಪೂರಾ ಎತ್ತಿದ."

ಮೇಲೆ ಹತ್ತುವುದೇ ದೊಡ್ಡ ಪಾಡಾಗಿತ್ತು. ಮುಖ ಮೇಲೆ ಮಾಡಿ ಹತ್ತಿದರೆ ಹಿಂದಕ್ಕೆ ಜಾರುತ್ತಿತ್ತು. ನಾಲ್ಕು ಸಲ ಬಿದ್ದ ಮೇಲೆ, ಯಾರೂ ಹೇಳಿಕೊಡದೆ, ಅವನ ಕಾಲಿಗೇ ಗೊತ್ತಾಯಿತು. ಪಾದ ಅಡ್ಡ ಇಡಬೇಕು. ದರೆಗೆ ಭುಜ ಕೊಟ್ಟು, ಅಂಚು ಊರಿ, ಏಡಿಯ ಹಾಗೆ ಒಂದೊಂದೇ ಹೆಜ್ಜೆ ಏರಬೇಕು. ನಲವತ್ತೇಳು ವರ್ಷಗಳಲ್ಲಿ ಅವನು ಮುಟ್ಟಿ ತಿಳಿದುಕೊಂಡ ಮೊದಲ ವಿಷಯ ಇದು. "ಬಿಗಿ ಹಿಮ. ಅಂಚು ಚೆನ್ನಾಗಿ ಕಚ್ಚುತ್ತದೆ" ಎಂದು ಬರೆದು ಒಳಗೆ ಓಡಿದ.

"ಅಮ್ಮಾ, ಕೋಟ ದಾಟ್ತಂಬ್ರ್."

"ಹ್ಞೂಂ. ಮೂಗಿನ್ ಮೇಲಿದ್ ನೊಣ ಓಡ್ಸ್."

ಗಡ್ಡೆಗಳನ್ನು ಸಾಲಾಗಿ ಹಾಸಿ ಜಾರಿದಾಗ ಬಲ ಮೊಣಕೈ ಸಿಪ್ಪೆ ಸುಲಿಯಿತು. "ಗಟ್ಟಿ ಮಂಜು. ಹಲಗೆ ಗಡಗಡ ನಡುಗುತ್ತದೆ, ಸವಾರನೂ." ಮತ್ತೆ ಒಳಗೆ ಬಂದ.

"ಅಮ್ಮಾ, ಕುಂದಾಪುರ. ಬಸ್ ಬದಲ್ಸ್ತಂಬ್ರ್."

ಬಾಗಿ ಕಣ್ಣು ತೆರೆಯಲಿಲ್ಲ. ಬಲಗೈಯ ಕಿರುಬೆರಳು ಒಂದಿಷ್ಟು ಎತ್ತಿ ಇಳಿಸಿದಳು.

ಗಡ್ಡೆ ಒಡೆದು ಗುಪ್ಪೆಯಾದದ್ದರ ಮೇಲೊಮ್ಮೆ, ಎಲ್ಲ ಕರಗಿ ಕೆಸರಿನ ಜೊತೆ ಕಲಸಿದ್ದರ ಮೇಲೊಮ್ಮೆ ಜಾರಿ ಅವನು ಐದೂ ಮುಗಿಸಿದ. ಕೊನೆಯ ಸಲ ಬೀಳಲಿಲ್ಲ. ನೋಡಲು ಯಾರೂ ಇರಲಿಲ್ಲ. ಜನ ಅಷ್ಟು ಹೊತ್ತಿಗೆ ರಸ್ತೆಯ ಕಡೆ ತಿರುಗಿದ್ದರು. ಅವನು ಕೆಸರುಗಾಲಲ್ಲೇ ಒಳಗೆ ಬಂದು ಬಗ್ಗಿದ.

"ಅಮ್ಮಾ, ಹೆಮ್ಮಾಡಿ. ಬಂದೇ ಬಿಡ್ತ್."

ಬಾಗಿ ಅಲುಗಲಿಲ್ಲ. ಅಮ್ಮನ ನಟನೆ ಚೆನ್ನಾಗಿ ಪಳಗಿದೆ ಎಂದು ಸುಧಾಕರನಿಗೆ ಸಂತೋಷವಾಯಿತು.

ಅಪ್ಪಿಯಕ್ಕ ರಿಕ್ಷಾದಿಂದ ಇಳಿದವಳು ಮೆಟ್ಟಿಲ ಹತ್ತಿರ ಒಂದು ಕ್ಷಣ ನಿಂತಳು. ಮೂರು ಮೆಟ್ಟಿಲು. ಹತ್ತಿದಳು. ಚಾಪೆಯ ಪಕ್ಕದಲ್ಲಿ ಕುಸಿದು ತಾಯಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಅಮ್ಮಾ, ಒಂದ್ ಸೌಟ್ ಪಾಯಸಕ್ಕೆ ನಾ ಒಂಬತ್ತ್ ವರ್ಷ ಕಳ್ದೆ," ಎಂದಳು. ಹಣೆಯನ್ನು ಆ ಕೈಯ ಮೇಲೆ ಒತ್ತಿದಳು.

ಸುಧಾಕರ ಕಂಬದ ಹತ್ತಿರ ನಿಂತು ಇದೇ ಗಳಿಗೆಗೆ ಕಾಯುತ್ತಿದ್ದ. ವಿನಯಾಳ ಕಡೆ ನೋಡಿ ಸಣ್ಣಗೆ ನಕ್ಕ. ಆಮೇಲೆ ಬಗ್ಗಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಅಮ್ಮಾ, ಸಾಕ್. ಏಳ್. ಅಪ್ಪಿ ಬಂತ್."

ಪ್ರಭಾವತಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಯಾರೋ ಅವನ ರಟ್ಟೆ ಹಿಡಿದರು.

"ಬಿಡಿ, ಅಮ್ಮ ಏಳ್ತ್ರ್. ಹೇಳಿದ್ರ್ ನನ್ ಹತ್ರ. ಅಮ್ಮಾ, ಎಷ್ಟೊತ್ತ್ ಮತ್ತೆ? ಏಳ್."

ವಿನಯಾ ಮುಂದೆ ಬಂದು ಅತ್ತೆಯ ಮೂಗಿನ ಕೆಳಗೆ ಬೆರಳ ಹಿಂಭಾಗ ಹಿಡಿದಳು. ಹಾಗೆಯೇ ತುಂಬ ಹೊತ್ತು ಹಿಡಿದಿದ್ದಳು. ಆಮೇಲೆ ಗಂಡನ ಮುಖ ನೋಡಿದಳು. ಬೆಳಿಗ್ಗೆಯಿಂದ ಬಾಯಿಗೆ ಹಿಡಿದಿದ್ದ ಸೆರಗು ಅವಳ ಕೈಯಿಂದ ಜಾರಿತು.

"ಎಲ್ಲಿಗ್ ಏಳುದ್ ಮಾರಾಯ್ರೆ," ಎಂದ ಪ್ರೇಮಾನಂದ ಮೆತ್ತಗೆ. "ಸತ್ತ್ ಮೂರ್ ಗಂಟಿ ಮೇಲಾಯ್ತ್."

ಸುಧಾಕರ ಗೋಣಿಚೀಲಗಳನ್ನು ಒಂದೊಂದಾಗಿ ಎಳೆದು ದೂರ ಎಸೆಯತೊಡಗಿದ. ಅವುಗಳಲ್ಲಿ ಐಸು ಉಳಿದಿರಲಿಲ್ಲ, ನೀರು ಮಾತ್ರ ಸೋರುತ್ತಿತ್ತು.

"ನಾ ಹಿಡ್ದಾಗ ಕೈ ಒಂಚೂರ್ ಬಿಗಿ ಹಿಡ್ದಂಗ್ ಆಯ್ತ್," ಎಂದಳು ಅಪ್ಪಿಯಕ್ಕ, ಯಾರಿಗೆಂದಿಲ್ಲದೆ.

"ಅದ್ ನರ," ಎಂದು ಗುಡ್ಡ ತೀರ್ಪು ಕೊಟ್ಟ. "ಐಸಂಗ್ ಇಟ್ಟ್ ಹೆಣಕ್ಕೆ ನರ ಎಳಿತ್ತ್. ನಾ ಎಷ್ಟ್ ಕಂಡಿದ್ದೆ."

ಬೊಂಬಾಯಿಯಿಂದ ಬರುವವರು ಯಾರೂ ಇರಲಿಲ್ಲವಾದ್ದರಿಂದ ತಡ ಮಾಡಲಿಲ್ಲ. ಸುಡುವ ಜಾಗ ಮೇಲಿನ ಗೇರು ಗುಡ್ಡೆಯಲ್ಲಿ, ಅಪ್ಪನನ್ನು ಸುಟ್ಟಲ್ಲೇ. ಅಲ್ಲಿಗೆ ಇರುವುದು ಒಂದೇ ದಾರಿ, ಈ ದರೆ. ಹನ್ನೆರಡು ಗಡ್ಡೆ ಐಸು ಕರಗಿ ಕುಡಿದ ಕೆಂಪು ಮಣ್ಣು ಬೆಣ್ಣೆಯಂತಾಗಿತ್ತು. ಚಟ್ಟ ಹೊತ್ತ ನಾಲ್ವರಲ್ಲಿ ಮುಂದಿದ್ದ ಕುಷ್ಟ ಮೊದಲ ಹೆಜ್ಜೆಗೇ ಜಾರಿದ. ಚಟ್ಟ ಓಲಿತು. ಹೆಂಗಸರು ಕೂಗಿಕೊಂಡರು.

ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಸುಧಾಕರ ತಿರುಗಿದ.

"ಪಾದ ಅಡ್ಡ ಇಡಿ," ಎಂದ. "ಮುಖ ಮೇಲೆ ಮಾಡುಕಾಗ. ದರಿಗ್ ಭುಜ ಕೊಡಿ. ಅಂಚ್ ಊರಿ, ಹಾಂಗೆ. ನನ್ ಹೆಜ್ಜಿ ಕಾಣಿ."

ಬರಿಗಾಲಲ್ಲಿ, ಅಡ್ಡಡ್ಡ, ಏಡಿಯ ಹಾಗೆ, ಒಂದೊಂದೇ ಹೆಜ್ಜೆ ಅವನು ಏರಿದ. ಹಿಂದೆ ನಾಲ್ವರು ಹಾಗೆಯೇ ಏರಿದರು. ಮೂವತ್ತು ಹೆಜ್ಜೆಗೆ ಕಾಲು ಗಂಟೆ ಹಿಡಿಯಿತು. ಬಾಗಿ ಮತ್ತೆ ಓಲಲಿಲ್ಲ.

ವರದಿ ಮೂರು ದಿನ ತಡವಾಗಿ ಹೋಯಿತು. ಬಾಗಿ ತೀರಿದ ಹನ್ನೆರಡನೆಯ ದಿನ ಉತ್ತರ ಬಂತು. ವಸ್ತುವನ್ನು ಕೈಯಿಂದ ಮುಟ್ಟಿದವರು ಬರೆದ ವರದಿ ಇದೊಂದೇ ಎಂದು ಕಂಪನಿ ಮೆಚ್ಚಿಕೊಂಡಿತ್ತು, ತಮ್ಮನ್ನು ಮುಂದುವರಿಸಲಾಗಿದೆ. ಒಂದೇ ಒಂದು ವಿವರ ಬೇಕು. ಅರ್ಧ ನೀರಾದ ಹಿಮದಲ್ಲಿ ಅಡ್ಡಹೆಜ್ಜೆ ಇಟ್ಟರೆ ಭಾರ ಹೊತ್ತುಕೊಂಡೂ ಏರಬಹುದು ಎಂದಿದ್ದೀರಿ. ಭಾರ ಎಷ್ಟಿತ್ತು?

ಹದಿಮೂರನೆಯ ದಿನದ ಬೊಜ್ಜಕ್ಕೆಂದು ಉಳಿದುಕೊಂಡಿದ್ದ ಅಪ್ಪಿಯಕ್ಕ ಚಾವಡಿಯಲ್ಲಿ ಕೂತು ಮರುದಿನದ ಪಾಯಸಕ್ಕೆ ಗೋಡಂಬಿ ಸೀಳುತ್ತಿದ್ದಳು.

"ಅಕ್ಕಾ, ಅಮ್ಮ ಎಷ್ಟ್ ಭಾರ ಇದ್ದಿತ್ತ್?"

"ನಂಗೆಂತ ಗೊತ್ತಿತ್ತ್? ನಾ ಎತ್ಲಿಲ್ಲೆ, ಮಿಂದ್ಸ್ಲಿಲ್ಲೆ. ಕೈ ಒಂದೇ ಹಿಡ್ದದ್." ಅವಳು ಇನ್ನೊಂದು ಗೋಡಂಬಿ ಸೀಳಿದಳು. "ಅದೂ ನರ ಅಂದ ಗುಡ್ಡ."

ಸುಧಾಕರ ಫೋನನ್ನು ಮಗುಚಿ ನೆಲದ ಮೇಲಿಟ್ಟ.

"ನೀ ಕೈ ಹಿಡ್ದಾಗ ಚೀಲದಂಗ್ ಬರೀ ನೀರ್ ಇದ್ದಿತ್ತ್. ಗುಡ್ಡಂಗೆ ಐಸ್ ಗೊತ್ತಿಲ್ಲೆ ಅಕ್ಕಾ," ಎಂದ.